ಊಜ್, ಸೀಪ್, ಟ್ರಿಕಲ್, ಲೀಕ್: ನಿಧಾನ ಹರಿವಿನ ಇಂಗ್ಲಿಷ್ ಪದಗಳಲ್ಲಿ ಯಾವುದು ಎಲ್ಲಿಗೆ?

ನಿವೃತ್ತರಾಗುತ್ತಿದ್ದ ಹಿರಿಯರೊಬ್ಬರ ಬೀಳ್ಕೊಡುಗೆ ಕಾರ್ಡಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಡು ಅಂತ ಒಮ್ಮೆ ನನಗೆ ಹೇಳಿದ್ದರು. ಅವರ ಮಾತಿನಲ್ಲಿ ಸ್ನೇಹ ತುಳುಕುತ್ತದೆ ಅನ್ನುವುದನ್ನು ಹೇಳಬೇಕಿತ್ತು. ನಿಘಂಟು ತಿರುವಿಹಾಕಿದೆ. ಒಳ್ಳೇ ಪದ ಸಿಕ್ಕಿತು ಅಂದುಕೊಂಡು ‘ಹಿ ಊಜಸ್ ಚಾರ್ಮ್’ ಎಂದು ಬರೆದೆ. ಕಾರ್ಡು ಅಚ್ಚಿಗೆ ಹೋಗುವ ಮುಂಚೆ ಅದನ್ನು ಓದಿದ ಗೆಳತಿ ಒಂದೇ ಮಾತು ಕೇಳಿದಳು: ‘ಅವರ ಮೇಲೆ ನಿನಗೇನಾದ್ರೂ ಸಿಟ್ಟಿದೆಯಾ?’

ಸಿಟ್ಟೇನೂ ಇರಲಿಲ್ಲ. ನಿಘಂಟಿನಲ್ಲಿ ಊಜ್ ಎದುರು ಒಸರು, ಜಿನುಗು ಎಂದಿತ್ತು. ಸೀಪ್ ಎದುರೂ ಒಸರು, ಜಿನುಗು. ಟ್ರಿಕಲ್ ನೋಡಿದರೆ ಅಲ್ಲೂ ಜಿನುಗು. ಎಲ್ಲದಕ್ಕೂ ಒಂದೇ ಅರ್ಥ ಕೊಟ್ಟರೆ ಆರಿಸುವುದು ಹೇಗೆ?

ಆಮೇಲೆ ಅನುವಾದದ ಕೆಲಸ ಮಾಡುತ್ತಾ ಮಾಡುತ್ತಾ ನನಗೊಂದು ಅಭ್ಯಾಸ ಬಂತು. ಪದ ಆರಿಸುವ ಮುಂಚೆ ಆ ದ್ರವವನ್ನು ಕಣ್ಣೆದುರು ತಂದುಕೊಳ್ಳುತ್ತೇನೆ. ಅದು ನೀರಿನಂತೆ ತೆಳುವೋ, ಅಂಟಂಟೋ? ರಂಧ್ರದಿಂದ ಬರುತ್ತಿದೆಯೋ, ಮೈಯೆಲ್ಲಾ ಬೆವರುವಂತೆ ಬರುತ್ತಿದೆಯೋ? ನಾನು ನೋಡುತ್ತಿರುವುದು ಅದು ಹೊರಡುವ ಜಾಗವನ್ನೋ, ಹೋಗಿ ಸೇರುವ ಜಾಗವನ್ನೋ? ನೀರೇ ಇಲ್ಲದ ಕಡೆ, ಅಂದರೆ ಗುಣ, ಸುದ್ದಿ, ದುಡ್ಡು, ಜನರ ಬಗ್ಗೆ ಬರೆಯುವಾಗಲೂ ಇದೇ ಪ್ರಶ್ನೆ ಕೇಳಬೇಕು. ಏಕೆಂದರೆ ಈ ಪದಗಳು ರೂಪಕಕ್ಕೆ ಹೋಗುವಾಗ ಮೈ ಒರೆಸಿಕೊಂಡು ಹೋಗುವುದಿಲ್ಲ. ಒದ್ದೆಯಾಗಿಯೇ ಹೋಗುತ್ತವೆ.

ಒಂದು ತಾರಸಿ, ಒಂದು ಮಳೆ

ರಾತ್ರಿಯಿಡೀ ಮಳೆ. ತಾರಸಿಯಲ್ಲಿ ಕೂದಲೆಳೆಯಷ್ಟು ಬಿರುಕು. ಬೆಳಿಗ್ಗೆ ಎದ್ದು ಮೇಲೆ ನೋಡಿದರೆ ಚಾವಣಿಯಲ್ಲಿ ಭೂಪಟದಂಥ ಕಲೆ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಲು ಎಷ್ಟು ಕ್ರಿಯಾಪದ ಬೇಕು ನೋಡಿ.

‘ತಾರಸಿ ಸೋರುತ್ತಿದೆ’ ಅನ್ನುವುದಕ್ಕೆ ಲೀಕ್. ಇದು ದೋಷದ ಹೆಸರು. ನೀರು ಬರಬಾರದ ಕಡೆ ಬಂತು, ಯಾರೋ ರಿಪೇರಿ ಮಾಡಬೇಕು. ನೀರು ಕಾಂಕ್ರೀಟಿನ ಸಣ್ಣ ಸಣ್ಣ ತೂತುಗಳ ಒಳಗೆ ಇಡೀ ರಾತ್ರಿ ಕಣ್ಣಿಗೆ ಬೀಳದೆ ಇಳಿಯಿತಲ್ಲ, ಅದು ಸೀಪ್. ಕಲೆಯ ನಡುವೆ ಒಂದು ಮಣಿ ಮೂಡಿತು, ಊದಿಕೊಂಡಿತು, ನಡುಗಿತು, ಬಿತ್ತು. ಕೆಳಗೆ ಬಕೆಟ್ ಇಟ್ಟಿದ್ದೀರಿ, ಟಪ್ ಟಪ್ ಅನ್ನುತ್ತಿದೆ. ಅದು ಡ್ರಿಪ್. ಅದೇ ನೀರು ಬೀಳದೆ ಗೋಡೆಗುಂಟ ಸಣ್ಣ ಗೆರೆಯಾಗಿ ಇಳಿದರೆ ಟ್ರಿಕಲ್. ತಾರಸಿಯ ಮೇಲೆ ನಿಂತ ನೀರನ್ನು ಪೈಪು ಹಾಕಿ ಪೂರ್ತಿ ಖಾಲಿ ಮಾಡಿದರೆ ಡ್ರೇನ್.

ಊಜ್ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಮಳೆನೀರು ತೆಳು. ಬಿರುಕಿಗೆ ಬಳಿದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಸಂದಿಯಿಂದ ಹೊರಗೆ ಬಂದರೆ ಅದು ಊಜ್. ಕೆಸರು ತುಳಿದಾಗ ಕಾಲ್ಬೆರಳ ಸಂದಿಯಲ್ಲಿ ಏಳುವುದೂ ಊಜ್.

ಊಜ್ ಮತ್ತು ಎಕ್ಸ್ಯೂಡ್

ನಾನು ಎಡವಿದ್ದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಊಜ್ ಹಳೇ ಇಂಗ್ಲಿಷಿನ ಎರಡು ಪದ ಬೆರೆತು ಆದದ್ದು. ಒಂದಕ್ಕೆ ಗಿಡದ ರಸ ಅಂತ ಅರ್ಥ, ಇನ್ನೊಂದಕ್ಕೆ ಕೆಸರು ಅಂತ. ಆ ರಸವೂ ಹೋಗಿಲ್ಲ, ಕೆಸರೂ ಹೋಗಿಲ್ಲ. ಆಳ ಸಮುದ್ರದ ತಳದಲ್ಲಿ ಕೂತ ಮೆತ್ತನೆ ಕೆಸರಿಗೆ ವಿಜ್ಞಾನಿಗಳು ಇವತ್ತಿಗೂ ಊಜ್ ಎನ್ನುತ್ತಾರೆ. ಅದರಲ್ಲಿ ಕನಿಷ್ಠ 30 ಶೇಕಡ ಸೂಕ್ಷ್ಮಜೀವಿಗಳ ಚಿಪ್ಪು, ಅವಶೇಷ ಇರಬೇಕು, ಆಗಲೇ ಆ ಹೆಸರು.

ಎಕ್ಸ್ಯೂಡ್ ಬಂದದ್ದು ಲ್ಯಾಟಿನ್‌ನಿಂದ. ಮೂಲದ ಅರ್ಥ ‘ಬೆವರಾಗಿ ಹೊರಬರು’. ಬೆವರು ಅಷ್ಟೇನೂ ಚಂದದ ವಸ್ತುವಲ್ಲ. ಆದರೆ ಲ್ಯಾಟಿನ್ ಪದವಾದ್ದರಿಂದ ಬೆವರಿನ ವಾಸನೆ ಈಗ ಓದುವವರ ಮೂಗಿಗೆ ಬಡಿಯುವುದಿಲ್ಲ. ಎಕ್ಸ್ಯೂಡ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದೆ. ಊಜ್ ಇನ್ನೂ ಕೆಸರುಗಾಲಿನಲ್ಲೇ ಇದೆ.

ಹಾಗಾಗಿ ಒಬ್ಬರ ಆತ್ಮವಿಶ್ವಾಸ, ಶಾಂತ ಸ್ವಭಾವ, ಉತ್ಸಾಹ ಎದುರಿನವರಿಗೆ ತಾನಾಗಿ ತಟ್ಟುತ್ತದೆ ಎಂದು ಮೆಚ್ಚುಗೆಯಿಂದ ಹೇಳಬೇಕಾದರೆ ಎಕ್ಸ್ಯೂಡ್ ಬಳಸಿ. ಇದರಲ್ಲಿ ಅಪಾಯವಿಲ್ಲ. ಊಜ್ ಬಳಸಿದರೆ ಮುಂದೆ ಬರುವ ನಾಮಪದ ಯಾವುದು ಎಂದು ನೋಡಬೇಕು. ಕಾನ್ಫಿಡೆನ್ಸ್ ಬಂದರೆ ಸಾಮಾನ್ಯವಾಗಿ ಹೊಗಳಿಕೆಯೇ. ಆಟಗಾರರ ಬಗ್ಗೆ ಬರೆಯುವವರು ಧಾರಾಳವಾಗಿ ಬಳಸುತ್ತಾರೆ. ಚಾರ್ಮ್, ಸಹಾನುಭೂತಿ, ಪ್ರಾಮಾಣಿಕತೆ ಬಂದರೆ ಕಥೆ ಬೇರೆ. ನಿಜವಾದ ಸಹಾನುಭೂತಿ ಎಣ್ಣೆಯಂತೆ ಮೈಮೇಲೆ ಒಸರುವುದಿಲ್ಲ ಅಲ್ವಾ? ಒಸರಿತು ಅಂದರೆ ಬಳಿದುಕೊಂಡಿದ್ದಾರೆ ಅಂತ. ಓದುಗರ ಕಣ್ಣೆದುರು ಬರುವುದು ಸ್ನೇಹಮಯಿ ಹಿರಿಯರಲ್ಲ, ಏನನ್ನೋ ಮಾರಲು ಬಂದವನು.

ನನ್ನ ತಪ್ಪಿನ ಬೇರು ಕನ್ನಡದಲ್ಲೇ ಇತ್ತು ಅನ್ನುವುದು ಆಮೇಲೆ ಹೊಳೆಯಿತು. ನಮಗೆ ಒಳ್ಳೆಯ ಗುಣ ಜಾಸ್ತಿಯಾದರೆ ಅದು ಉಕ್ಕುತ್ತದೆ, ತುಳುಕುತ್ತದೆ, ಹೊಮ್ಮುತ್ತದೆ. ಪಾತ್ರೆ ತುಂಬಿ ಚೆಲ್ಲುವ ಚಿತ್ರ ಅದು. ಒಸರು ಅನ್ನುವ ಪದವನ್ನು ನಾವು ಬೆವರಿಗೆ, ಮರದ ಅಂಟಿಗೆ, ಬಂಡೆ ಸಂದಿಯ ನೀರಿಗೆ ಇಟ್ಟುಕೊಂಡಿದ್ದೇವೆ. ‘ಅವರಿಂದ ಸ್ನೇಹ ಒಸರುತ್ತದೆ’ ಎಂದು ನಾನು ಕನ್ನಡದಲ್ಲಿ ಯಾವತ್ತೂ ಬರೆಯುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಯಾಕೆ ಬರೆದೆನೋ! ತುಳುಕುವುದಕ್ಕೆ ಅಲ್ಲೂ ಪದವಿದೆ, ಬ್ರಿಮ್. ಕೊನೆಗೆ ಕಾರ್ಡಿನಲ್ಲಿ ‘ಹಿ ಬ್ರಿಮ್ಸ್ ವಿತ್ ವಾರ್ಮ್ತ್’ ಎಂದು ಹಾಕಿಸಿದೆ.

ವ್ಯಾಕರಣದಲ್ಲೂ ಒಂದು ವ್ಯತ್ಯಾಸ ಇದೆ. ಎಕ್ಸ್ಯೂಡ್ ಮುಂದೆ ಗುಣದ ಹೆಸರು ನೇರವಾಗಿ ಬರುತ್ತದೆ, ನಡುವೆ ‘ವಿತ್’ ಬೇಡ. ಊಜ್ ಬಗ್ಗುವ ಪದ. ‘ಊಜ್ ಚಾರ್ಮ್’ ಆಗುತ್ತದೆ, ‘ಊಜ್ ವಿತ್ ಚಾರ್ಮ್’ ಆಗುತ್ತದೆ, ‘ಚಾರ್ಮ್ ಊಜಸ್ ಫ್ರಮ್ ಹಿಮ್’ ಕೂಡ ಆಗುತ್ತದೆ.

ಗಾಯಕ್ಕೂ ಊಜ್ ಬರುತ್ತದೆ. ಮಂಡಿ ತರಚಿದಾಗ ಚರ್ಮದ ಮೇಲೆ ಸಣ್ಣ ಸಣ್ಣ ಚುಕ್ಕೆಯಾಗಿ ರಕ್ತ ಏಳುತ್ತದಲ್ಲ, ಅದು ಊಜ್. ಮರುದಿನ ಅದೇ ಜಾಗ ತಿಳಿನೀರು ಬಿಡುತ್ತಿದ್ದರೆ ವೀಪ್. ಹೌದು, ಅಳುವುದಕ್ಕೆ ಇರುವ ಪದವೇ. ಗಾಯ ಅಳುತ್ತದೆ. ಇದು ನನಗೆ ತುಂಬ ಇಷ್ಟ.

ಅಂಟುದ್ರವ ಅಂದಮಾತ್ರಕ್ಕೆ ಕಣ್ಣುಮುಚ್ಚಿ ಊಜ್ ಹಾಕಬೇಡಿ ಎನ್ನುವುದಕ್ಕೆ ಒಂದು ಘೋರ ಉದಾಹರಣೆ ಇದೆ. ತೀರಾ ನಿಧಾನದವರನ್ನು ‘ಜನವರಿ ತಿಂಗಳ ಕಾಕಂಬಿಯಷ್ಟು ನಿಧಾನ’ ಅನ್ನುವುದು ಅಮೆರಿಕದ ಹಳೇ ಮಾತು. ಚಳಿಗೆ ಕಾಕಂಬಿ ಗಟ್ಟಿಯಾಗಿ ಹರಿಯುವುದೇ ಇಲ್ಲ ಅಂತ. 1919ರ ಜನವರಿ 15ರಂದು ಬಾಸ್ಟನ್ ನಗರದಲ್ಲಿ ಸುಮಾರು 87 ಲಕ್ಷ ಲೀಟರ್ ಕಾಕಂಬಿ ತುಂಬಿದ್ದ ಟ್ಯಾಂಕ್ ಒಡೆಯಿತು. ಅಲೆ ಗಂಟೆಗೆ ಸುಮಾರು 56 ಕಿಲೋಮೀಟರ್ ವೇಗದಲ್ಲಿ ಬೀದಿಗೆ ನುಗ್ಗಿತು ಅಂತ ಅಂದಾಜು. 21 ಜನ ಸತ್ತರು. ತಿಂಗಳು ಜನವರಿಯೇ, ದ್ರವ ಕಾಕಂಬಿಯೇ. ಆದರೆ ಅಂದಿನ ವರದಿಗೆ ಊಜ್ ಒಗ್ಗದು. ಊಜ್‌ಗೆ ದ್ರವದ ದಪ್ಪದ ಜೊತೆಗೆ ಆತುರವಿಲ್ಲದ ನಡೆಯೂ ಬೇಕು.

ಸೀಪ್: ಗೊತ್ತಾಗುವಷ್ಟರಲ್ಲಿ ಒಳಗಿರುತ್ತದೆ

ಊಜ್ ಬರೆಯುವವರ ಕಣ್ಣು ಹೊರಡುವ ಜಾಗದ ಮೇಲಿರುತ್ತದೆ. ಸೀಪ್ ಬರೆಯುವವರ ಕಣ್ಣು ಹೆಚ್ಚಾಗಿ ಸೇರುವ ಜಾಗದ ಮೇಲೆ. ಅದಕ್ಕೇ ಸೀಪ್ ಜೊತೆ ‘ಇಂಟು’ ಅಷ್ಟು ಸಲ ಕಾಣಿಸುತ್ತದೆ. ಕಿಟಕಿ ಸಂದಿಯಿಂದ ಚಳಿ ಸೀಪ್ ಆಗುತ್ತದೆ. ಹಳೇ ಪೂರ್ವಗ್ರಹ ಹೊಸ ಕಾನೂನಿನ ಭಾಷೆಯೊಳಗೆ ಸೀಪ್ ಆಗುತ್ತದೆ. ಒಂದು ಭಾಷೆಯ ವಾಕ್ಯರಚನೆ ಇನ್ನೊಂದಕ್ಕೆ ಸೀಪ್ ಆಗುತ್ತದೆ, ಅನುವಾದಕರಿಗೆ ಇದು ದಿನನಿತ್ಯದ ತಲೆನೋವು.

ಇಲ್ಲಿ ಯಾರೂ ತಪ್ಪಿತಸ್ಥರಿಲ್ಲ. ನಡೆದದ್ದು ಯಾರಿಗೂ ಗೊತ್ತಾಗಿಲ್ಲ ಅಷ್ಟೇ. ಆಮೇಲೆ ಕಲೆ ಕಂಡಾಗಲೇ ಗೊತ್ತಾಗುವುದು. ವ್ಯಾಕರಣವೂ ಇದಕ್ಕೆ ತಕ್ಕಂತೆಯೇ ಇದೆ. ಸೀಪ್ ಅಕರ್ಮಕ. ಯಾರೂ ಏನನ್ನೂ ‘ಸೀಪ್ ಮಾಡಲು’ ಆಗದು. ‘ದೇ ಸೀಪ್ಡ್ ದಿ ನ್ಯೂಸ್’ ಎಂದು ಬರೆದಿದ್ದರೆ ಹೊಡೆದುಹಾಕಿ.

ಇದನ್ನು ಕನ್ನಡಕ್ಕೆ ತರುವಾಗ ಇಂಗು ಅನ್ನುವ ಪದ ಕೈಬೀಸಿ ಕರೆಯುತ್ತದೆ. ಮಣ್ಣಿಗೆ ನೀರು ಇಂಗುವುದು ಹೆಚ್ಚುಕಡಿಮೆ ಸೀಪ್ ಆಗುವುದೇ ತಾನೇ? ನೀರಿನ ಮಟ್ಟಿಗೆ ಸರಿ. ರೂಪಕದಲ್ಲಿ ಎರಡೂ ಬೇರೆ ದಾರಿ ಹಿಡಿಯುತ್ತವೆ. ನಮ್ಮಲ್ಲಿ ಬಾಯಾರಿಕೆ ಇಂಗುತ್ತದೆ, ಹಸಿವು ಇಂಗುತ್ತದೆ. ಅಂದರೆ ತೀರಿಹೋಗುತ್ತದೆ. ಇಂಗ್ಲಿಷಿನಲ್ಲಿ ಮನಸ್ಸಿಗೆ ಅನುಮಾನ ಸೀಪ್ ಆಯಿತು ಅಂದರೆ ಇನ್ನೂ ಒಳಗೇ ಇದೆ, ಬೆಳೆಯುತ್ತಿದೆ ಅಂತ. ಅದನ್ನು ‘ಅನುಮಾನ ಇಂಗಿತು’ ಎಂದರೆ ಅನುಮಾನ ಪರಿಹಾರವಾಯಿತು ಎಂದು ಓದಿಕೊಳ್ಳುವವರು ಇರುತ್ತಾರೆ. ‘ಮೆಲ್ಲಗೆ ಒಳಗಿಳಿಯಿತು’ ಅನ್ನುವುದು ವಾಸಿ.

ಲೀಕ್

ಇದು ಸುಲಭದ ಪದ. ನಮ್ಮ ಸೋರಿಕೆ ಆಗಲೇ ಇದೇ ದಾರಿಯಲ್ಲಿ ನಡೆದಿದೆ. ಪ್ರಶ್ನೆಪತ್ರಿಕೆ ಸೋರುತ್ತದೆ, ಮಾಹಿತಿ ಸೋರುತ್ತದೆ. ಸೀಪ್‌ನಲ್ಲಿ ಇಲ್ಲದ ತಪ್ಪಿತಸ್ಥ ಇಲ್ಲಿ ಇರಲೇಬೇಕು. ತೂತು ಎಲ್ಲಿ ಎಂದು ಹುಡುಕುತ್ತಾರೆ.

ಇದನ್ನು ಅಕ್ಷರಶಃ ತೆಗೆದುಕೊಂಡ ಉದಾಹರಣೆ ಒಂದಿದೆ. ವಿಯೆಟ್ನಾಂ ಯುದ್ಧದ ಗುಪ್ತ ದಾಖಲೆಗಳು 1971ರ ಜೂನ್‌ನಲ್ಲಿ ಪತ್ರಿಕೆಯಲ್ಲಿ ಬಂದ ಮೇಲೆ, ಅಧ್ಯಕ್ಷ ನಿಕ್ಸನ್ ಅವರ ಶ್ವೇತಭವನ ಸೋರಿಕೆ ತಡೆಯಲು ಒಂದು ರಹಸ್ಯ ತಂಡ ಕಟ್ಟಿತು. ಆ ತಂಡಕ್ಕೆ ಬಿದ್ದ ಹೆಸರು ‘ಪ್ಲಂಬರ್ಸ್’. ಲೀಕ್ ಆದರೆ ಕರೆಯುವುದು ಕೊಳಾಯಿ ರಿಪೇರಿಯವರನ್ನೇ ಅಲ್ವಾ? ಆ ಗುಂಪಿನ ಕೆಲವರೇ ಮುಂದಿನ ವರ್ಷ ವಾಟರ್‌ಗೇಟ್ ಕಟ್ಟಡದ ಪ್ರಕರಣದಲ್ಲಿ ಸಿಕ್ಕಿಬಿದ್ದರು.

ಲೀಕ್ ಸಕರ್ಮಕವೂ ಹೌದು, ಅಕರ್ಮಕವೂ ಹೌದು. ‘ದಿ ರಿಪೋರ್ಟ್ ಲೀಕ್ಡ್’ ಎಂದರೆ ಕಾಗದವೇ ಕಾಲು ಬೆಳೆಸಿಕೊಂಡು ಹೊರಟಂತೆ. ‘ಹಿ ಲೀಕ್ಡ್ ದಿ ರಿಪೋರ್ಟ್’ ಎಂದರೆ ಹೆಸರು ಹೇಳಿದಂತೆ. ಯಾವುದನ್ನು ಬರೆಯುತ್ತೀರಿ ಅನ್ನುವುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು.

ಟ್ರಿಕಲ್, ಡ್ರಿಪ್, ಡ್ರಿಬಲ್

ಟ್ರಿಕಲ್ ಅಂದರೆ ಲೆಕ್ಕದ ಮಾತು. ಎಷ್ಟು ಬಂತು, ಎಷ್ಟು ಕಡಿಮೆ ಬಂತು. ಉತ್ತರಗಳು ಟ್ರಿಕಲ್ ಇನ್ ಆಗುತ್ತವೆ, ದೇಣಿಗೆ ಟ್ರಿಕಲ್ ಇನ್ ಆಗುತ್ತದೆ. ಬಹುವಚನ ಇರಬೇಕು, ಇಲ್ಲವೇ ದುಡ್ಡಿನಂಥ ಅಳೆಯುವ ವಸ್ತು ಇರಬೇಕು. ಒಬ್ಬ ಅತಿಥಿ ಎಷ್ಟೇ ನಿಧಾನವಾಗಿ ನಡೆದುಬಂದರೂ ಟ್ರಿಕಲ್ ಆಗಲಾರ. ಕನ್ನಡದಲ್ಲಿ ಇದಕ್ಕೆ ನೀರಿನ ಪದವೇ ಬೇಕಿಲ್ಲ. ‘ಒಬ್ಬೊಬ್ಬರಾಗಿ’, ‘ಅಷ್ಟಿಷ್ಟು’, ‘ಆಗೊಂದು ಈಗೊಂದು’ ಸಾಕು.

‘ಟ್ರಿಕಲ್ ಡೌನ್’ ಅರ್ಥಶಾಸ್ತ್ರ ಎಂದು ಕೇಳಿರುತ್ತೀರಿ. ಮೇಲಿನವರಿಗೆ ಲಾಭ ಮಾಡಿಕೊಟ್ಟರೆ ಕೆಳಗಿನವರಿಗೂ ಇಳಿದು ಬರುತ್ತದೆ ಅನ್ನುವ ವಾದ. ಅಮೆರಿಕದ ಹಾಸ್ಯಗಾರ ವಿಲ್ ರೋಜರ್ಸ್ 1932ರಲ್ಲಿ ಅಧ್ಯಕ್ಷ ಹೂವರ್ ಅವರನ್ನು ಚುಚ್ಚಲು ಈ ಮಾತು ಬಳಸಿದ್ದರು. ಇವತ್ತಿಗೂ ಇದನ್ನು ಬಳಸುವವರು ಹೆಚ್ಚಾಗಿ ಆ ವಾದವನ್ನು ಒಪ್ಪದವರೇ. ಪದದಲ್ಲೇ ಟೀಕೆ ಇದೆ ನೋಡಿ. ಗೋಡೆಗುಂಟ ಇಳಿಯುವ ಆ ಸಣ್ಣ ಗೆರೆಯಿಂದ ಎಷ್ಟು ಬಕೆಟ್ ತುಂಬೀತು?

ಡ್ರಿಪ್‌ಗೆ ಬಿಡಿ ಹನಿ ಬೇಕು, ತಾಳ ಬೇಕು. ಕೂತು ಎಣಿಸಬಹುದು. ತಾಳ ತಪ್ಪಿದರೆ ಪದವೂ ತಪ್ಪುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ ಎಂಬ ಪ್ರಾಧ್ಯಾಪಕರು 1927ರಲ್ಲಿ ಡಾಂಬರಿನಂಥ ಪಿಚ್ ಅನ್ನು ಕಾಯಿಸಿ ಗಾಜಿನ ಆಲಿಕೆಗೆ ಸುರಿದರು. ಕೂತುಕೊಳ್ಳಲಿ ಅಂತ ಬಿಟ್ಟು, 1930ರಲ್ಲಿ ಆಲಿಕೆಯ ತುದಿ ಕತ್ತರಿಸಿದರು. ಅಲ್ಲಿಂದ 2014ರವರೆಗೆ ಬಿದ್ದದ್ದು ಒಂಬತ್ತೇ ಹನಿ. 2000ದಲ್ಲಿ ಎಂಟನೆಯದು ಬೀಳುವಾಗ ಹಿಡಿಯಲು ಕ್ಯಾಮೆರಾ ಇಟ್ಟಿದ್ದರು, ಅದು ಕೈಕೊಟ್ಟಿತು. ಇದಕ್ಕೆ ‘ಪಿಚ್ ಡ್ರಾಪ್’ ಪ್ರಯೋಗ ಎಂದು ಹೆಸರು. ಡ್ರಿಪ್ ಎಂದು ಯಾರಾದರೂ ಕರೆದಿದ್ದರೆ ನಗು ಬರುತ್ತಿತ್ತು. ಎರಡು ಟಪ್‌ಗಳ ನಡುವೆ ಹತ್ತು ವರ್ಷ ಕಾಯುವವರು ಯಾರು?

ರೂಪಕದಲ್ಲಿ ಡ್ರಿಪ್‌ಗೆ ಒಂದಕ್ಕೊಂದು ಉಲ್ಟಾ ಇರುವ ಎರಡು ಅರ್ಥ ಇದೆ. ಡ್ರಿಪ್ ಫೀಡ್ ಎಂದರೆ ಬೇಕಂತಲೇ ಸ್ವಲ್ಪ ಸ್ವಲ್ಪವಾಗಿ ಕೊಡುವುದು. ಆಸ್ಪತ್ರೆಯ ಡ್ರಿಪ್ ಬಾಟಲಿ ನೆನಪಿಸಿಕೊಳ್ಳಿ. ಕಂಪನಿಗಳು ಹೊಸ ಫೋನಿನ ಸುದ್ದಿಯನ್ನು ಬಿಡುವುದು ಹೀಗೇ. ಇನ್ನೊಂದು, ‘ಡ್ರಿಪಿಂಗ್ ವಿತ್ ಡೈಮಂಡ್ಸ್’, ‘ಡ್ರಿಪಿಂಗ್ ವಿತ್ ಸಾರ್ಕ್ಯಾಸಂ’. ಇಲ್ಲಿ ಅರ್ಥ ಅತಿಯಾಯಿತು ಅಂತ. ಹನಿ ಪದ ಧಾರಾಳಕ್ಕೆ ಹೇಗೆ ಹೋಯಿತು? ಬಟ್ಟೆ ಪೂರ್ತಿ ನೆನೆದ ಮೇಲೇ ಹನಿ ಉದುರುವುದು, ಅದಕ್ಕೆ. ವಜ್ರದ ಮಾತಿಗೆ ಕನ್ನಡದಲ್ಲಿ ‘ಮೈತುಂಬ ವಜ್ರ’ ಅನ್ನಿ. ವ್ಯಂಗ್ಯವನ್ನು ‘ತೊಟ್ಟಿಕ್ಕುವ ವ್ಯಂಗ್ಯ’ ಎಂದು ಹಾಗೇ ಇಳಿಸಿದರೆ ನನ್ನ ಕಿವಿಗೆ ಬಡಕಲು ವ್ಯಂಗ್ಯದಂತೆ ಕೇಳುತ್ತದೆ.

ಡ್ರಿಬಲ್‌ಗೆ ಜೊಲ್ಲಿನ ನೆನಪು ಅಂಟಿಕೊಂಡಿದೆ. ಚೆಂಡಾಟದ ಡ್ರಿಬಲ್ ಬೇರೆ ಬಿಡಿ. ‘ಹಣ ಡ್ರಿಬಲ್ ಆಗಿ ಬಂತು’ ಎಂದರೆ ಬೇಜಾರು ಇದೆ ಅಂತ. ಟ್ರಿಕಲ್ ಸುಮ್ನೆ ವರದಿ ಮಾಡುತ್ತದೆ, ಡ್ರಿಬಲ್ ಗೊಣಗುತ್ತದೆ.

ಒಂದೇ ವಾಕ್ಯದಲ್ಲಿ ಹಾಕಿ ನೋಡಿದರೆ

ಸಭೆ ನಡೆಯುತ್ತಿದೆ, ಜನ ಹೊರಗೆ ಬರುತ್ತಿದ್ದಾರೆ. ಕ್ರಿಯಾಪದ ಮಾತ್ರ ಬದಲಿಸೋಣ.

ಟ್ರಿಕಲ್ ಔಟ್ ಆದರು ಎಂದರೆ ಇಬ್ಬರು, ಆಮೇಲೆ ಮೂವರು, ಹೀಗೆ. ಡ್ರೇನ್ ಆದರು ಎಂದರೆ ಸಭಾಂಗಣ ಖಾಲಿಯಾಯಿತು, ಹಿಂದೆ ಉಳಿದ ಕುರ್ಚಿಗಳ ಸಾಲು ಕಾಣುತ್ತಿದೆ. ಲೀಕ್ ಅವೇ ಎಂದರೆ ಭಾಷಣ ಇನ್ನೂ ಮುಗಿದಿಲ್ಲ, ಹಿಂದಿನ ಸಾಲಿನವರು ತಲೆ ತಗ್ಗಿಸಿ ಜಾರಿಕೊಳ್ಳುತ್ತಿದ್ದಾರೆ. ಊಜ್ಡ್ ಔಟ್ ಎಂದರೆ ಸಣ್ಣ ಬಾಗಿಲು, ಭಾರೀ ಜನ, ಒಬ್ಬರಿಗೊಬ್ಬರು ಅಂಟಿಕೊಂಡು ಟೂತ್‌ಪೇಸ್ಟಿನಂತೆ ಹೊರಬರುತ್ತಿದ್ದಾರೆ. ಬರೆದವರಿಗೆ ಅವರ ಮೇಲೆ ಅಷ್ಟೇನೂ ಗೌರವವಿಲ್ಲ. ಸೀಪ್ ಇಲ್ಲಿ ಕೂರುವುದೇ ಇಲ್ಲ. ಕಣ್ಣಿಗೆ ಬೀಳದ ಹಾಗೆ ಹೊರಬರಲು ಅವರೇನು ದೆವ್ವಗಳಲ್ಲ.

ಉಳಿದವು, ಬೇಗ ಬೇಗ

ಫಿಲ್ಟರ್‌ಗೂ ಪರ್ಕೊಲೇಟ್‌ಗೂ ನಡುವೆ ಗೊಂದಲ ಆಗುವುದುಂಟು. ಫಿಲ್ಟರ್ ಬಂದದ್ದು ಸೋಸಲು ಬಳಸುತ್ತಿದ್ದ ಫೆಲ್ಟ್ ಬಟ್ಟೆಯ ಹೆಸರಿನಿಂದ. ಸೋಸಿದರೆ ಏನಾದರೂ ಹಿಂದೆ ಉಳಿಯಬೇಕು. ಸುದ್ದಿ ಫಿಲ್ಟರ್ ಆಗಿ ಬಂತು ಎಂದರೆ ತಡವಾಗಿ ಬಂತು, ಬಹುಶಃ ಪೂರ್ತಿ ಬರಲಿಲ್ಲ. ಪರ್ಕೊಲೇಟ್ ಎಂದರೆ ಪದರದೊಳಗೆ ಹಾದುಹೋಗುತ್ತಾ ರುಚಿ ಹಿಡಿಯುವುದು, ಕಾಫಿ ಪರ್ಕೊಲೇಟರಿನಲ್ಲಿ ಆದಂತೆ. ತಲೆಯಲ್ಲಿ ಒಂದು ಯೋಚನೆ ಪರ್ಕೊಲೇಟ್ ಆಗುತ್ತಿದೆ ಎಂದರೆ ಇನ್ನೂ ಆಗಿಲ್ಲ, ಆದರೆ ಆಗುತ್ತದೆ. ಒಳ್ಳೇ ಮಾತೇ.

ಡ್ರೇನ್ ಬಳಸಿದರೆ ಕಣ್ಣು ಖಾಲಿಯಾಗುವ ಪಾತ್ರೆಯ ಮೇಲೆ. ‘ಬ್ರೇನ್ ಡ್ರೇನ್’ ಅಂದಾಗ ಇಂಗ್ಲಿಷ್ ಮರುಗುವುದು ಖಾಲಿಯಾದ ದೇಶಕ್ಕಾಗಿ. ನಾವು ಅದನ್ನು ‘ಪ್ರತಿಭಾ ಪಲಾಯನ’ ಮಾಡಿದೆವು. ಪಲಾಯನ ಎಂದ ತಕ್ಷಣ ಓಡಿಹೋದವರ ಕಡೆಗೆ ಬೆರಳು ತಿರುಗಿತು. ಒಂದೇ ವಿಷಯ, ಆರೋಪಿ ಬೇರೆ.

ಕೊನೆಯದು ಲೀಚ್. ನೀರು ಮಣ್ಣಿನ ಮೂಲಕ ಹಾದುಹೋಗುವಾಗ ಅದರ ಸಾರವನ್ನು ಕರಗಿಸಿ ಹೊತ್ತೊಯ್ಯುವುದಕ್ಕೆ ಈ ಪದ. ರೂಪಕದಲ್ಲಿ ಮುಖದ ಬಣ್ಣ ಲೀಚ್ ಆಗಿ ಹೋಗುತ್ತದೆ, ಕೆಲಸದಲ್ಲಿದ್ದ ಖುಷಿ ಲೀಚ್ ಆಗಿ ಹೋಗುತ್ತದೆ. ಚಂದದ ಪದ, ಆದರೆ ಇದಕ್ಕೊಂದು ಅವಳಿ ಇದೆ. ಜಿಗಣೆಗೂ ಇಂಗ್ಲಿಷಿನಲ್ಲಿ ಲೀಚ್ ಎಂದೇ. ಉಚ್ಚಾರ ಒಂದೇ, ಕನ್ನಡದಲ್ಲಿ ಬರೆದರೆ ಅಕ್ಷರವೂ ಒಂದೇ. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಮಾತ್ರ ಬೇರೆ: ಮಣ್ಣಿನದಕ್ಕೆ ‘ಇ’ ಆದ ಮೇಲೆ ‘ಎ’, ಜಿಗಣೆಗೆ ಎರಡೂ ‘ಇ’. ಸ್ಪೆಲ್ಲಿಂಗ್ ತಿದ್ದುವ ಸಾಫ್ಟ್‌ವೇರಿಗೆ ಎರಡೂ ಸರಿ, ಅದು ಸುಮ್ಮನೆ ಬಿಟ್ಟುಬಿಡುವ ಸಾಧ್ಯತೆಯೇ ಹೆಚ್ಚು. ನಾಯಕಿಯ ಮುಖ ಬಿಳಿಚಿಕೊಂಡಿತು ಎಂದು ಬರೆಯಲು ಹೋಗಿ ಆಕೆಯ ಕೆನ್ನೆಗೆ ಜಿಗಣೆ ಹತ್ತಿಸಿದ ಕರಡುಗಳನ್ನು ನಾನೇ ತಿದ್ದಿದ್ದೇನೆ.